ಸ್ಟೋರ್ಸ್ ಕಾಕಾ ನಿವೃತ್ತರಾದ ಮೇಲೆ ಕಾರ್ಖಾನೆ ಏಕೆ ಮುಗ್ಗರಿಸುತ್ತಿದೆ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದು ಕೈಗಾರಿಕಾ ವಾಲ್ವ್ ತಯಾರಿಸುವ ಕುಟುಂಬದ ಕಾರ್ಖಾನೆ. ತಂದೆಯವರು ಆರಂಭಿಸಿದ್ದು, ಈಗ ಅಣ್ಣ ಮತ್ತು ನಾನು ನೋಡಿಕೊಳ್ಳುತ್ತಿದ್ದೇವೆ. ಒಟ್ಟು 160 ಜನ ಕೆಲಸಗಾರರು. ಜಾಗ ಸಾಲದೆ ಎರಡು ವರ್ಷದ ಹಿಂದೆ ಮಷಿನ್ ಶಾಪ್ ಅನ್ನು ಧಾರವಾಡದಾಚೆಯ ಬೇಲೂರು ಕೈಗಾರಿಕಾ ಪ್ರದೇಶಕ್ಕೆ ಸಾಗಿಸಿದೆವು. ಜೋಡಣೆ, ಪರೀಕ್ಷೆ, ಸ್ಟೋರ್ಸ್ ಇಲ್ಲೇ ಉಳಿದವು. ಕಳೆದ ವರ್ಷ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ ಹಿರಿಯರು ನಿವೃತ್ತರಾದರು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಅವರ ಜಾಗಕ್ಕೆ ಪದವಿ ಮುಗಿಸಿದ ಹುಡುಗನನ್ನು ತೆಗೆದುಕೊಂಡೆವು, ಹೊಸ ಸಾಫ್ಟ್‌ವೇರ್ ಹಾಕಿಸಿದೆವು. ಆದರೂ ಅಂದಿನಿಂದ ಮಾಲು ರವಾನೆ ತಡವಾಗುತ್ತಿದೆ, ಎರಡು ಘಟಕಗಳ ನಡುವೆ ದೂರು ಹೆಚ್ಚಿದೆ. ಸಲಹೆಗಾರರೊಬ್ಬರು ಬಂದು ಸಂಸ್ಥೆಯ ಸಂಸ್ಕೃತಿ ಸರಿಯಿಲ್ಲ ಎಂದು ಮೌಲ್ಯಗಳ ಫಲಕ ಬರೆಸಿ ಹಾಕಿಸಿದರು. ಈಗ ಯಾರು ಯಾರೊಂದಿಗೆ ಒಡನಾಡುತ್ತಾರೆ ಎಂಬ ಸಮೀಕ್ಷೆ ಮಾಡಿಸಿ ಎನ್ನುತ್ತಿದ್ದಾರೆ. ಅಣ್ಣ ಹೇಳುವುದು ಬೇರೆ: ಚಹಾದ ಹೊತ್ತಿನಲ್ಲಿ ಗುಂಪು ಕಟ್ಟುವುದನ್ನೂ ಕೆಲಸಗಾರರ ವಾಟ್ಸಾಪ್ ಗುಂಪುಗಳನ್ನೂ ಮೊದಲು ನಿಲ್ಲಿಸಬೇಕಂತೆ. ಯಾರ ಮಾತು ಕೇಳಲಿ?

ಉತ್ತರ: ಚಹಾ ನಿಲ್ಲಿಸಬೇಡಿ. ಸಮೀಕ್ಷೆ ಮಾಡಿಸಬಹುದು, ಆದರೆ ಈ ತಿಂಗಳು ಬೇಡ, ಸಲಹೆಗಾರರ ಕೈಯಿಂದಲೂ ಬೇಡ. ಫಲಕ ಹೇಗಿದ್ದರೂ ಬರೆಸಿದ್ದೀರಿ, ಇರಲಿ. ಅದರಿಂದ ತೊಂದರೆಯಾದದ್ದು ಮೊಳೆ ಹೊಡೆಸಿಕೊಂಡ ಗೋಡೆಗೆ ಮಾತ್ರ.

ನಿಮ್ಮ ಪತ್ರವನ್ನು ಎರಡನೆಯ ಸಲ ಓದುವಾಗ ನನ್ನ ಕಣ್ಣು ನಿಂತದ್ದು ಕಾಕಾ ಇರುವ ಸಾಲಿನ ಮೇಲೆ. ಅವರು ಸ್ಟೋರ್ಸ್‌ನಲ್ಲಿ ಕುಳಿತು ಏನು ಮಾಡುತ್ತಿದ್ದರು ಎಂದು ನಿಮ್ಮ ಕಡತಗಳಲ್ಲಿ ಹುಡುಕಿದರೆ ಮಾಲು ಬಂತು, ಮಾಲು ಹೋಯಿತು, ಸಹಿ, ಇಷ್ಟೇ ಸಿಗುತ್ತದೆ. ಇಂಥ ಕಾರ್ಖಾನೆಗಳಲ್ಲಿ ನಾನು ಕಂಡಿರುವ ಸ್ಟೋರ್ಸ್ ಹಿರಿಯರ ಕೆಲಸ ಹೀಗಿರುತ್ತದೆ. ಪರೀಕ್ಷಾ ವಿಭಾಗದಲ್ಲಿ ವಾಲ್ವ್‌ನ ಹೊರಕವಚಕ್ಕೆ (ಬಾಡಿ) ನಿಗದಿತ ಒತ್ತಡದ ಒಂದೂವರೆ ಪಟ್ಟು ನೀರಿನ ಒತ್ತಡ ಕೊಡುತ್ತಾರೆ, ಆಮೇಲೆ ಮುಚ್ಚಿದ ವಾಲ್ವ್ ಸೋರದಂತೆ ತಡೆಯುವ ಸೀಟ್‌ಗೆ 1.1 ಪಟ್ಟು. ಬಾಡಿಯ ಕತ್ತಿನ ಬಳಿ ಸಣ್ಣಗೆ ನೀರು ಜಿನುಗಿತು ಎನ್ನೋಣ. ನಿಯಮದ ಪ್ರಕಾರ ಪರೀಕ್ಷಕ ತಿರಸ್ಕಾರದ ಚೀಟಿ ಬರೆದು ಕ್ವಾಲಿಟಿಯವರಿಗೆ ಕೊಡಬೇಕು, ಅವರು ಖರೀದಿ ವಿಭಾಗಕ್ಕೆ, ಖರೀದಿಯವರು ಎರಕ ಹೊಯ್ಯುವ ಫೌಂಡ್ರಿಗೆ. ನಡೆಯುವುದೇ ಬೇರೆ. ಪರೀಕ್ಷಕ ಕೈ ಒರೆಸಿಕೊಳ್ಳುತ್ತ ಸ್ಟೋರ್ಸ್ ಕಿಟಕಿಗೆ ಹೋಗುತ್ತಾನೆ. ಹಿರಿಯರು ಕನ್ನಡಕ ಮೇಲೇರಿಸಿ ಕಾಸ್ಟಿಂಗ್ (ಎರಕದ ಭಾಗ) ಮೇಲೆ ಅಚ್ಚಾಗಿರುವ ಹೀಟ್ ನಂಬರ್, ಎಂದರೆ ಯಾವ ಸಲ ಕರಗಿಸಿದ ಲೋಹ ಎಂಬ ಗುರುತು, ಓದುತ್ತಾರೆ. ‘ಇದು ಬೆಳಗಾವಿಯಿಂದ ಶ್ರಾವಣದಲ್ಲಿ ಬಂದ ಮಾಲು. ಇದೇ ಹೀಟ್‌ನವು ಇನ್ನಷ್ಟು ರ‍್ಯಾಕ್‌ನಲ್ಲಿವೆ, ಅವನ್ನು ಮಷಿನ್‌ಗೆ ಏರಿಸುವುದು ಬೇಡ’ ಎನ್ನುತ್ತಾರೆ. ಫೌಂಡ್ರಿಯಲ್ಲಿ ತಮಗೆ ಗೊತ್ತಿರುವವರಿಗೆ ಫೋನು ಮಾಡುತ್ತಾರೆ, ಲೇತ್ ನಡೆಸುವ ಟರ್ನರ್‌ಗೆ ಒಂದು ಮಾತು ಹೇಳಿ ಕಳಿಸುತ್ತಾರೆ. ಚಹಾ ಬರುವುದರೊಳಗೆ ನಾಲ್ಕು ವಿಭಾಗಗಳಿಗೆ ಸುದ್ದಿ ಮುಟ್ಟಿರುತ್ತದೆ. ಚೀಟಿ ಆಮೇಲೆ ನಿಧಾನವಾಗಿ, ಶಾಸ್ತ್ರಕ್ಕೆ ಬರುತ್ತದೆ.

ಹೊಸ ಹುಡುಗನ ಗಣಕದಲ್ಲೂ ಹೀಟ್ ನಂಬರ್ ಇದೆ, ಯಾವ ರ‍್ಯಾಕ್‌ನಲ್ಲಿ ಎಷ್ಟು ಎಂಬುದೂ ಇದೆ. ಕಾಕಾ ಬಳಿ ಇದ್ದದ್ದಕ್ಕಿಂತ ಹೆಚ್ಚೇ ಮಾಹಿತಿ ಇದ್ದೀತು. ಪರೀಕ್ಷಕ ಅವನ ಹತ್ತಿರ ಹೋಗುವುದಿಲ್ಲ, ತೊಂದರೆ ಇರುವುದು ಅಲ್ಲಿ. ಹುಡುಗನನ್ನು ಏನಾದರೂ ಕೇಳಿದರೆ ಅವನು ಮೊದಲು ಟೈಪ್ ಮಾಡುತ್ತಾನೆ. ಟೈಪ್ ಆದದ್ದು ದಾಖಲೆ, ದಾಖಲೆ ಎಂದರೆ ನಾಳೆ ಮೀಟಿಂಗ್‌ನಲ್ಲಿ ಯಾರದ್ದೋ ಹೆಸರು. ಕಾಕಾ ಮುಂದೆ ‘ನನಗೆ ಅನುಮಾನ ಇದೆ’ ಎಂದಷ್ಟೇ ಹೇಳಬಹುದಿತ್ತು. ಈಗ ಅನುಮಾನ ಹೇಳುವ ಕಿಟಕಿ ಮುಚ್ಚಿದೆ. ನೀವು ಸಂಸ್ಥೆಯ ಸಂಸ್ಕೃತಿ ಎಂದು ಯಾವುದನ್ನು ಕರೆಯುತ್ತೀರೋ ಅದು ನನ್ನ ಲೆಕ್ಕದಲ್ಲಿ ಬಹುಪಾಲು ಇಷ್ಟೇ: ಗೊತ್ತಿಲ್ಲದ್ದನ್ನು ಯಾರು ಯಾರ ಬಳಿ ಕೇಳುತ್ತಾರೆ, ಕೆಟ್ಟ ಸುದ್ದಿಯನ್ನು ಮೊದಲು ಯಾರಿಗೆ ಹೇಳುತ್ತಾರೆ, ಕೇಳಿದವನಿಗೂ ಹೇಳಿದವನಿಗೂ ಆಮೇಲೆ ಏನಾಗುತ್ತದೆ.

ಸಮಾಜಶಾಸ್ತ್ರಜ್ಞ ರೊನಾಲ್ಡ್ ಬರ್ಟ್ 1992ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಪರಸ್ಪರ ನೇರ ಸಂಪರ್ಕವಿಲ್ಲದ ಗುಂಪುಗಳ ನಡುವಿನ ಖಾಲಿ ಜಾಗವನ್ನು ಗುರುತಿಸಿ, ಅಲ್ಲಿ ನಿಂತವನಿಗೆ ಎರಡೂ ಕಡೆಯ ಸುದ್ದಿ ಬೇಗ ಸಿಗುತ್ತದೆ, ಅದರಿಂದ ಅವನ ಬೆಲೆ ಏರುತ್ತದೆ ಎಂದು ವಾದಿಸಿದರು. ನಿಮ್ಮ ಕಾಕಾ ನಿಂತದ್ದು ಅಂಥ ಜಾಗದಲ್ಲಿ. ಆ ಬೆಲೆಯನ್ನು ಬಹುಪಾಲು ಕಾರ್ಖಾನೆಗೇ ಕೊಟ್ಟರು, ಸ್ವಲ್ಪ ತಾವೂ ಇಟ್ಟುಕೊಂಡಿದ್ದರು ಎಂದುಕೊಳ್ಳುತ್ತೇನೆ. ಸ್ಟೋರ್ಸ್‌ನವರನ್ನು ಯಾರೂ ಎದುರು ಹಾಕಿಕೊಳ್ಳದಿರುವುದಕ್ಕೆ ಕಾರಣ ಗೌರವವೊಂದೇ ಇರುವುದಿಲ್ಲ. ಒಬ್ಬರೇ ಎಲ್ಲ ದಾರಿಗಳಿಗೂ ಸೇತುವೆಯಾಗಿ ಉಳಿದದ್ದು ಅವರ ದೊಡ್ಡತನ ಹೌದು, ನಿಮ್ಮ ಮನೆತನದ ಅಜಾಗರೂಕತೆಯೂ ಹೌದು.

ಅಣ್ಣನವರ ಮಾತಿಗೆ ಬರುತ್ತೇನೆ. ಗುಂಪು ಕಟ್ಟಿಕೊಂಡವರು ಕೆಲಸ ಕಡಿಮೆ ಮಾಡುತ್ತಾರೆ ಎಂಬ ಅವರ ಭಯಕ್ಕೆ ಆಧಾರವಿಲ್ಲ ಎಂದು ನಾನು ಹೇಳುವುದಿಲ್ಲ. ಅಮೆರಿಕದ ಶಿಕಾಗೊ ಬಳಿಯ ಸಿಸೆರೋದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. 1931ರ ಕೊನೆಯಿಂದ 1932ರವರೆಗೆ ಅಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ನ ಭಾಗಗಳಿಗೆ ತಂತಿ ಜೋಡಿಸುವ 14 ಗಂಡಸರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಅವರ ನಡುವೆ ಒಬ್ಬ ವೀಕ್ಷಕನನ್ನು ಇಟ್ಟು ಏನು ನಡೆಯುತ್ತದೆ ಎಂದು ಬರೆದುಕೊಂಡರು. ಒಂಬತ್ತು ಮಂದಿ ತಂತಿ ಕಟ್ಟುವವರು, ಮೂವರು ಬೆಸುಗೆಯವರು, ಇಬ್ಬರು ತಪಾಸಣೆಯವರು. ಗುಂಪು ಹೆಚ್ಚು ಮಾಡಿದಷ್ಟೂ ಎಲ್ಲರಿಗೂ ಹೆಚ್ಚು ಕೂಲಿ ಎಂಬ ಲೆಕ್ಕವಿತ್ತು. ಆದರೂ ದಿನಕ್ಕೆ ಇಷ್ಟು ಸಾಕು ಎಂದು ಅವರು ತಮ್ಮಲ್ಲೇ ಗೆರೆ ಎಳೆದುಕೊಂಡಿದ್ದರು. ಮೀರಿದವನನ್ನು ಹೆಸರಿಟ್ಟು ಗೇಲಿ ಮಾಡುತ್ತಿದ್ದರು, ತೋಳಿಗೆ ಒಂದು ಗುದ್ದು ಬೀಳುತ್ತಿತ್ತು. ತೀರಾ ಕಡಿಮೆ ಮಾಡಿದವನಿಗೂ ಗೇಲಿ ತಪ್ಪುತ್ತಿರಲಿಲ್ಲ. ಮೇಲಿನವರಿಗೆ ಚಾಡಿ ಹೇಳುವವನನ್ನು ಮಾತ್ರ ಯಾರೂ ಸಹಿಸುತ್ತಿರಲಿಲ್ಲ.

ಅಣ್ಣನವರು ಇಲ್ಲಿಗೆ ಓದಿ ‘ನೋಡು, ನಾನು ಹೇಳಲಿಲ್ಲವೇ’ ಎನ್ನಬಹುದು. ಮುಂದೆಯೂ ಓದಲಿ. ಅದೇ ಗುಂಪಿನಲ್ಲಿ ನಿಯಮ ಮೀರಿ ತಂತಿಯವನು ಬೆಸುಗೆ ಮಾಡುತ್ತಿದ್ದ, ಬೆಸುಗೆಯವನು ತಂತಿ ಕಟ್ಟುತ್ತಿದ್ದ, ಹಿಂದೆ ಬಿದ್ದವನಿಗೆ ಪಕ್ಕದವನು ಕೈ ಜೋಡಿಸುತ್ತಿದ್ದ. ಅವರು ಗೆರೆ ಎಳೆದುಕೊಂಡದ್ದು ಸೋಮಾರಿತನಕ್ಕೆ ಎನ್ನುವುದು ಕಷ್ಟ. ಅದು ಆರ್ಥಿಕ ಕುಸಿತದ ಕಾಲ. ಹೆಚ್ಚು ಮಾಡಿ ತೋರಿಸಿದರೆ ಕಂಪನಿ ದರ ಇಳಿಸುತ್ತದೆ, ಇಲ್ಲವೇ ಯಾರನ್ನಾದರೂ ಮನೆಗೆ ಕಳಿಸುತ್ತದೆ ಎಂಬ ಭಯ ಅವರಿಗಿತ್ತು. ಗುಂಪು ಆ ಭಯಕ್ಕೆ ಉತ್ತರವಾಗಿತ್ತು. ಭಯವನ್ನು ಹಾಗೇ ಬಿಟ್ಟು ಗುಂಪನ್ನು ಒಡೆದರೆ ಗೆರೆ ಉಳಿಯುತ್ತದೆ, ಕೈ ಜೋಡಿಸುವುದು ಮಾತ್ರ ನಿಲ್ಲುತ್ತದೆ. ನಿಮ್ಮಲ್ಲಿ ಮಷಿನ್ ಶಾಪ್ ಬೇಲೂರಿಗೆ ಹೋದಾಗ ಮುಂದಿನ ಸರದಿ ಜೋಡಣೆ ವಿಭಾಗದ್ದು, ಬರಲಾಗದವರು ಬಿಟ್ಟು ಹೋಗಬೇಕು ಎಂಬ ಮಾತು ಹಬ್ಬಿರಲಿಕ್ಕೆ ಸಾಕು. ಅದು ನಿಜವೋ ಸುಳ್ಳೋ ನಿಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಚಹಾದ ಹೊತ್ತಿನಲ್ಲಿ ಅವರು ಅದನ್ನೇ ಮಾತನಾಡಿಕೊಳ್ಳುತ್ತಿದ್ದರೆ ಆಶ್ಚರ್ಯವೇನು? ಒಂದು ಸಲ ಎರಡೂ ಕಡೆ ನಿಂತು, ನೀವಿಬ್ಬರೂ ಒಟ್ಟಿಗೆ, ಸ್ಪಷ್ಟವಾಗಿ ಹೇಳಿಬಿಡಿ.

ಚಹಾ ಎಲ್ಲಿ ಕುಡಿಯುತ್ತಾರೆ ಎಂಬುದನ್ನೂ ಗಮನಿಸಿ. ಗೋಕುಲ ರಸ್ತೆಯ ಬಹಳಷ್ಟು ಕಾರ್ಖಾನೆಗಳ ನಿಜವಾದ ಕಚೇರಿ ಗೇಟಿನಾಚೆಯ ಚಹಾ ಅಂಗಡಿ. ಯಾವ ಆರ್ಡರ್ ರದ್ದಾಯಿತು, ಯಾವ ಸೂಪರ್‌ವೈಸರ್‌ಗೆ ಇಂದು ಸಿಟ್ಟು ಬಂದಿದೆ, ಯಾವ ಲಾಟ್ ವಾಪಸ್ ಬರುತ್ತಿದೆ, ಎಲ್ಲ ಅಲ್ಲೇ. ನಿಮ್ಮ ಜೋಡಣೆ ವಿಭಾಗದಲ್ಲಿ ಹೆಣ್ಣುಮಕ್ಕಳಿದ್ದರೆ ಅವರು ಆ ಅಂಗಡಿಗೆ ಹೋಗುವುದಿಲ್ಲ. ಗಂಡಸರು ಗುಟ್ಕಾ ಚೀಟು ಹರಿದು ನಿಲ್ಲುವ ಜಾಗದಲ್ಲಿ ಅವರು ನಿಲ್ಲುವುದಾದರೂ ಹೇಗೆ? ಸುದ್ದಿ ಅವರಿಗೆ ಒಂದು ದಿನ ತಡವಾಗಿ, ಅರ್ಧ ಕತ್ತರಿಸಿ ಮುಟ್ಟುತ್ತದೆ. ಆಮೇಲೆ ನಾವೇ ‘ಹೆಣ್ಣುಮಕ್ಕಳು ಮೀಟಿಂಗ್‌ನಲ್ಲಿ ಮಾತನಾಡುವುದಿಲ್ಲ’ ಎನ್ನುತ್ತೇವೆ. ಚಹಾ ಒಳಗೆ ತರಿಸಿ, ಶೆಡ್‌ನ ನೆರಳಲ್ಲಿ ಬೆಂಚು ಹಾಕಿಸಿ, ಜೋಡಣೆ ಮತ್ತು ಪರೀಕ್ಷೆಯವರಿಗೆ ಒಂದೇ ಹೊತ್ತಿನ ಬಿಡುವು ಕೊಡಿ. ವಾರಕ್ಕೊಂದು ಸಂಜೆ ಗಿರ್ಮಿಟ್, ಮಿರ್ಚಿ ತರಿಸಿದರೂ ಫಲಕಕ್ಕೆ ಆದ ಖರ್ಚಿಗಿಂತ ಕಡಿಮೆಯೇ ಆದೀತು. ಅಣ್ಣನವರು ಅಲ್ಲಿ ಬಂದು ನಿಂತು ಭಾಷಣ ಮಾಡದಿದ್ದರೆ ಸಾಕು.

ಬೇಲೂರಿನ ಸಮಸ್ಯೆ ಇದಕ್ಕಿಂತ ಗಟ್ಟಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಆಲೆನ್ ಸಂಶೋಧನಾಲಯಗಳಲ್ಲಿ ಎಂಜಿನಿಯರುಗಳ ಮೇಜುಗಳ ನಡುವಿನ ದೂರವನ್ನೂ ಅವರು ಕೆಲಸದ ಮಾತಾಡುವುದನ್ನೂ ತಾಳೆ ಹಾಕಿ 1977ರಲ್ಲಿ ಪ್ರಕಟಿಸಿದರು. ಮೊದಲ ಕೆಲವೇ ಮೀಟರುಗಳಲ್ಲಿ ಮಾತುಕತೆ ಕಡಿದಾಗಿ ಇಳಿಯುತ್ತದೆ, 50 ಮೀಟರ್ ದಾಟುವ ಹೊತ್ತಿಗೆ ನಿಯಮಿತ ಒಡನಾಟ ನಿಂತೇ ಹೋದಂತೆ. ಮೊಬೈಲ್, ಇಮೇಲ್ ಬಂದ ಮೇಲೆ ಇದು ಬದಲಾಗಬೇಕಿತ್ತಲ್ಲವೇ? ಆಲೆನ್ ಮುಂದೆ ನೋಡಿದ್ದು ಬೇರೆ: ಮುಖಾಮುಖಿ ಹೆಚ್ಚು ಸಿಗುವವರೇ ಫೋನಿನಲ್ಲೂ ಹೆಚ್ಚು ಮಾತನಾಡುತ್ತಾರೆ. ಐವತ್ತು ಮೀಟರಿಗೇ ಹೀಗಾದರೆ, ನಿಮ್ಮ ಎರಡು ಘಟಕಗಳ ನಡುವೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನ ಇಡೀ ಮಾರ್ಗವಿದೆ, ನವನಗರವಿದೆ, ಧಾರವಾಡವಿದೆ, ಆಮೇಲೆ ಹೆದ್ದಾರಿ. ಮೊದಲು ಭಾಗಗಳನ್ನು ಜೋಡಿಸುವ ಫಿಟ್ಟರ್ ಹತ್ತು ಹೆಜ್ಜೆ ನಡೆದು ‘ಈ ಸೀಟ್ ಸ್ವಲ್ಪ ಬಿಗಿಯಾಗಿದೆ, ನೋಡು’ ಎಂದು ಟರ್ನರ್‌ನ ಕೈಗೆ ಕೊಡುತ್ತಿದ್ದ. ಈಗ ಅದೇ ಸೀಟ್ ಚಲನ್ ಸಮೇತ ಟೆಂಪೋದಲ್ಲಿ ವಾಪಸ್ ಹೋಗುತ್ತದೆ, ಬೇಲೂರಿನವರ ಕಣ್ಣಿಗೆ ಅದು ಆರೋಪಪಟ್ಟಿ. ನೀವು ಬರೆದ ‘ದೂರು ಹೆಚ್ಚಿದೆ’ ಎಂಬುದರಲ್ಲಿ ಅರ್ಧದಷ್ಟು ಇದೇ ಇರಬೇಕು.

ಇದಕ್ಕೆ ವಿಡಿಯೋ ಮೀಟಿಂಗ್ ಪರಿಹಾರವಾಗದು. ತಿಂಗಳಲ್ಲಿ ಒಂದು ವಾರ ಇಬ್ಬರು ಟರ್ನರ್‌ಗಳು ಜೋಡಣೆಯಲ್ಲಿ, ಇಬ್ಬರು ಫಿಟ್ಟರ್‌ಗಳು ಮಷಿನ್ ಶಾಪ್‌ನಲ್ಲಿ ಕುಳಿತುಕೊಳ್ಳಲಿ. ಓಡಾಟದ ಭತ್ಯೆ ಕೊಡಿ. ಉತ್ಪಾದನೆ ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕುವವರಿಗೆ ವಾಪಸ್ ಹೋಗುವ ಟೆಂಪೋಗಳ ಬಾಡಿಗೆಯನ್ನೂ ಅದೇ ಹಾಳೆಯಲ್ಲಿ ಬರೆಯಲು ಹೇಳಿ.

ವಾಟ್ಸಾಪ್ ವಿಷಯ ಬೇಗ ಮುಗಿಸುತ್ತೇನೆ. ನೀವಿರುವ ಗುಂಪಿನಲ್ಲಿ ಶುಭೋದಯ, ಹುಟ್ಟುಹಬ್ಬ, ಹೆಬ್ಬೆರಳು. ನೀವಿಲ್ಲದ ಗುಂಪಿನಲ್ಲಿ ಯಾರ ಮಷಿನ್ ನಿಂತಿದೆ, ಯಾರು ನಾಳೆ ರಜೆ, ಯಾರಿಗೆ ಆಸ್ಪತ್ರೆಗೆ ದುಡ್ಡು ಬೇಕು. ಎರಡನೆಯದನ್ನು ನಿಲ್ಲಿಸಲು ನಿಮಗೆ ಆಗುವುದೂ ಇಲ್ಲ, ಸೇರಿಕೊಳ್ಳಲು ಹೋಗಲೂಬೇಡಿ. ಸೇರಿದ ದಿನವೇ ಮೂರನೆಯ ಗುಂಪು ಹುಟ್ಟುತ್ತದೆ. ಗ್ರಾಹಕರ ಡ್ರಾಯಿಂಗ್ ಅಲ್ಲಿ ಹಾಕಬಾರದು ಎಂದು ಒಂದೇ ನಿಯಮ ಮಾಡಿ, ಅದಕ್ಕೆ ಕಾರಣ ಹೇಳಿ.

ನೀವು ಬರೆಯದ ಒಂದು ವಿಷಯವನ್ನು ನಾನೇ ಎತ್ತಬೇಕಾಗಿದೆ. ನಮ್ಮ ಕಡೆಯ ಕಾರ್ಖಾನೆಗಳಲ್ಲಿ ಆಳು ಸಿಗುವುದು ಒಳಗಿರುವವರ ಮೂಲಕ. ಕುಂದಗೋಳದ ಒಬ್ಬ ಫಿಟ್ಟರ್ ತನ್ನ ಅಕ್ಕನ ಮಗನನ್ನು ತರುತ್ತಾನೆ, ಅವನು ಓಣಿಯ ಗೆಳೆಯನನ್ನು. ಇದರಲ್ಲಿ ತಪ್ಪಿಲ್ಲ, ಲಾಭವೇ ಇದೆ. ತಂದವನು ಬಂದವನಿಗೆ ಹೊಣೆ. ಪರಿಚಯವನ್ನು ಹೊಣೆಯಾಗಿ ಬಳಸುವುದು ಈ ಭಾಗಕ್ಕೆ ಹೊಸದೂ ಅಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದಾಗ, 1904ರ ಕಾಯ್ದೆಯ ಪ್ರಕಾರ ಗ್ರಾಮೀಣ ಸಂಘಗಳ ಸದಸ್ಯರ ಹೊಣೆ ಅಪರಿಮಿತವಾಗಿತ್ತು. ಒಬ್ಬ ಕಟ್ಟದಿದ್ದರೆ ಉಳಿದವರಿಗೂ ಬಿಸಿ ತಟ್ಟುತ್ತಿತ್ತು. ಯಾರು ಎಂಥವರು ಎಂದು ಊರಿಗೆ ಗೊತ್ತಿರುವುದೇ ಅಂಥ ಏರ್ಪಾಡಿನ ಬುನಾದಿ.

ಅದರ ಇನ್ನೊಂದು ಮುಖವೂ ಇದೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅಮೆರಿಕದ ನ್ಯೂಟನ್ ಎಂಬ ಊರಿನಲ್ಲಿ ಕೆಲಸ ಬದಲಿಸಿದವರನ್ನು ಮಾತನಾಡಿಸಿ 1973ರಲ್ಲಿ ಬರೆದ ಪ್ರಬಂಧ ಪ್ರಸಿದ್ಧ. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರಲ್ಲಿ ಆರರಲ್ಲಿ ಒಬ್ಬರಿಗೆ ಮಾತ್ರ ಆ ಸುದ್ದಿ ಪದೇಪದೇ ಭೇಟಿಯಾಗುವವರಿಂದ ಬಂದಿತ್ತು. ಉಳಿದವರಿಗೆ ಅಪರೂಪಕ್ಕೋ ಆಗೊಮ್ಮೆ ಈಗೊಮ್ಮೆಯೋ ಸಿಗುವವರಿಂದ. ಆಪ್ತರ ನಡುವೆ ಸುತ್ತುವುದು ಎಲ್ಲರಿಗೂ ಆಗಲೇ ಗೊತ್ತಿರುವ ಸುದ್ದಿ. ಬೇಲೂರಿನಲ್ಲಿ ಹೊಸದಾಗಿ ಸೇರಿದವರೆಲ್ಲ ಧಾರವಾಡದ ಸುತ್ತಲ ಹಳ್ಳಿಯವರು, ಗೋಕುಲ ರಸ್ತೆಯವರೆಲ್ಲ ಕುಂದಗೋಳ, ನವಲಗುಂದದ ಕಡೆಯವರು ಎಂದಾದರೆ ಎರಡು ಘಟಕಗಳಿಗೂ ಸೇರಿದ ಬೀಗರು, ನೆಂಟರು, ಓಣಿಯವರು ಒಬ್ಬರೂ ಉಳಿಯುವುದಿಲ್ಲ. ಜಾತಿಯೂ ಇದರಲ್ಲೇ ಬರುತ್ತದೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಯಾರು ಯಾರ ಪಕ್ಕ ಕೂರುತ್ತಾರೆ, ಯಾರ ರೊಟ್ಟಿಗೆ ಯಾರ ಪಲ್ಯ ಬೀಳುತ್ತದೆ, ಯಾರು ದೂರ ಕುಳಿತು ಬೇಗ ಮುಗಿಸಿ ಏಳುತ್ತಾರೆ ಎಂದು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಮೀಕ್ಷೆ ಮಾಡಿಸಿದರೆ ಇದೆಲ್ಲ ಯಾರು ಯಾರ ಬಳಿ ಹೋಗುತ್ತಾರೆ ಎಂದು ತೋರಿಸುವ ಬಾಣಗಳ ನಕ್ಷೆಯಾಗಿ ಕಾಗದದ ಮೇಲೆ ಬರುತ್ತದೆ. ಅದನ್ನು ನೋಡಲು ಮನೆತನ ಸಿದ್ಧವಿದೆಯೇ ಎಂದು ಮೊದಲು ನಿರ್ಧರಿಸಿಕೊಳ್ಳಿ.

ಇನ್ನು ಫಲಕ. ಮನಶ್ಶಾಸ್ತ್ರಜ್ಞ ಎಡ್ಗರ್ ಶೈನ್ ಸಂಸ್ಥೆಗಳ ಸಂಸ್ಕೃತಿಯನ್ನು ಮೂರು ಪದರಗಳಾಗಿ ನೋಡಿದರು: ಕಣ್ಣಿಗೆ ಕಾಣುವುದು, ಬಾಯಲ್ಲಿ ಹೇಳುವುದು, ಯಾರೂ ಹೇಳದೆ ಎಲ್ಲರೂ ನಂಬಿರುವುದು. ಮೂರನೆಯದು ಜನರಿಗೆ ತಿಳಿಯುವುದು ಮೇಲಿನವರು ಇಕ್ಕಟ್ಟಿನಲ್ಲಿ ಏನು ಮಾಡುತ್ತಾರೆ ಎಂಬುದರಿಂದ. ಮಾರ್ಚ್ 31ರ ಸಂಜೆ. ಲಾರಿ ಗೇಟಿನಲ್ಲಿ ನಿಂತಿದೆ, ಬಿಲ್ ಇಂದೇ ಆಗಬೇಕು. ಮೂರು ವಾಲ್ವ್‌ಗಳ ಸೀಟ್ ಜಿನುಗುತ್ತಿದೆ, ಇನ್ನೊಮ್ಮೆ ಲ್ಯಾಪಿಂಗ್ ಮಾಡಬೇಕು, ಎಂದರೆ ಉಜ್ಜಿ ನಯಗೊಳಿಸಬೇಕು ಎಂದು ಪರೀಕ್ಷಕ ಹೇಳುತ್ತಾನೆ. ಆಗ ಅಣ್ಣನವರ ಬಾಯಿಂದ ಬರುವ ಮೊದಲ ವಾಕ್ಯವೇ ನಿಮ್ಮ ಸಂಸ್ಥೆಯ ಸಂಸ್ಕೃತಿ. ‘ಈಗ ಹೇಳುತ್ತೀಯಾ?’ ಎಂದರೆ ಮುಂದಿನ ಮಾರ್ಚ್‌ನಲ್ಲಿ ಅವನು ಹೇಳುವುದಿಲ್ಲ, ಗ್ರಾಹಕರು ಹೇಳುತ್ತಾರೆ. ‘ಮೂರನ್ನು ಇಳಿಸಿ, ಉಳಿದದ್ದು ಹೋಗಲಿ’ ಎಂದರೆ ಆ ಮಾತು ಚಹಾ ಅಂಗಡಿಗೆ, ಅಲ್ಲಿಂದ ಬೇಲೂರಿಗೆ ಅದೇ ರಾತ್ರಿ ಮುಟ್ಟುತ್ತದೆ. ನಿಮ್ಮ ಅಣ್ಣ ನಿಲ್ಲಿಸಬೇಕೆನ್ನುವ ಅದೇ ಗುಂಪುಗಳು ಅದನ್ನು ಮುಟ್ಟಿಸುತ್ತವೆ, ಬಿಟ್ಟಿಯಾಗಿ.

ಹಾಗಾದರೆ ಸಮೀಕ್ಷೆ ಯಾವಾಗ, ಹೇಗೆ? ಮೊದಲು ಕಾಕಾರನ್ನು ಕರೆಸಿ. ವಾರಕ್ಕೆ ಎರಡು ದಿನ, ಗೌರವಧನ ಕೊಟ್ಟು, ಮೂರು ತಿಂಗಳು. ತಮಗೆ ಗೊತ್ತಿರುವುದನ್ನೆಲ್ಲ ಬರೆದುಕೊಡಿ ಎಂದು ಕೇಳಬೇಡಿ, ಅಂಥ ಜ್ಞಾನ ಬರೆಯಲು ಕುಳಿತರೆ ಬರುವುದಿಲ್ಲ. ಸ್ಟೋರ್ಸ್ ಹುಡುಗ ಮತ್ತು ಜೋಡಣೆಯ ಒಬ್ಬ ಹೆಣ್ಣುಮಗಳು ಅವರ ಜೊತೆ ಓಡಾಡಲಿ, ಬೆಳಗಾವಿಯ ಫೌಂಡ್ರಿಗೂ ಹೋಗಿಬರಲಿ. ಕಾಕಾ ಇವರನ್ನು ‘ನಮ್ಮವರು’ ಎಂದು ನಾಲ್ಕು ಜನರ ಮುಂದೆ ಹೇಳಿದರೆ ಕಾಕಾ ಬಳಿ ಇರುವ ಫೋನು ಸಂಖ್ಯೆಗಳು ಇವರಿಗೂ ಕೆಲಸ ಮಾಡಲು ಶುರುವಾಗುತ್ತವೆ. ಇಬ್ಬರೇಕೆ ಎಂದರೆ, ಇನ್ನೊಬ್ಬ ಒಂಟಿ ಕಾಕಾ ನಿಮಗೆ ಬೇಡ.

ಇದು ನಡೆಯುತ್ತಿರುವಾಗ ಸಮೀಕ್ಷೆ ಮಾಡಿ. ಸಂಸ್ಥೆಗಳೊಳಗಿನ ಒಡನಾಟದ ಬಗ್ಗೆ ಬರೆದ ಡೇವಿಡ್ ಕ್ರ್ಯಾಕ್‌ಹಾರ್ಟ್ ಮತ್ತು ಜೆಫ್ರಿ ಹ್ಯಾನ್ಸನ್ 1993ರಲ್ಲಿ ಸಲಹೆ, ನಂಬಿಕೆ, ಮಾತುಕತೆ ಎಂದು ಮೂರು ಬೇರೆ ನಕ್ಷೆ ತೆಗೆಯಬೇಕು ಎಂದರು. ಒಂದಕ್ಕೊಂದು ಹೊಂದುವುದಿಲ್ಲ ಎನ್ನುವುದೇ ಅದರ ಸ್ವಾರಸ್ಯ. ಕೆಲಸದ ಸಲಹೆ ಕೇಳಲು ಹೋಗುವ ಮನುಷ್ಯನ ಬಳಿ ಮನಸ್ಸಿನ ಮಾತು ಹೇಳಲು ಯಾರೂ ಹೋಗದಿರಬಹುದು. ನಿಮಗೆ ಎರಡು ಪ್ರಶ್ನೆ ಸಾಕು: ಕೆಲಸದಲ್ಲಿ ಸಿಕ್ಕಿಬಿದ್ದಾಗ ಯಾರನ್ನು ಕೇಳುತ್ತೀರಿ? ಏನೋ ತಪ್ಪಾಗಿದೆ ಎನಿಸಿದಾಗ ಮೊದಲು ಯಾರಿಗೆ ಹೇಳುತ್ತೀರಿ? ‘ನಿಮ್ಮ ಗೆಳೆಯರು ಯಾರು’ ಎಂದು ಕೇಳಬೇಡಿ, ಅದು ನಿಮಗೆ ಸೇರಿದ ವಿಷಯವಲ್ಲ. ಕನ್ನಡದಲ್ಲೇ, ಬಾಯಿಮಾತಿನಲ್ಲಿ, ಮನೆತನಕ್ಕೆ ಸೇರದವರು ಕೇಳಲಿ. ಹತ್ತಿರದ ಎಂಬಿಎ ಕಾಲೇಜಿನ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳ ಜೊತೆ ಬಂದು ಮಾಡಿಕೊಡಬಲ್ಲರು. ಹೆಸರುಗಳ ಬದಲು ಸಂಕೇತ ಸಂಖ್ಯೆ ಇರಲಿ, ಸಂಕೇತದ ಪಟ್ಟಿ ಅವರ ಬಳಿಯೇ ಉಳಿಯಲಿ. ನೀವು ನೋಡುವುದು ವಿಭಾಗಗಳ ನಡುವಿನ ಬಾಣಗಳನ್ನು ಮಾತ್ರ. ಬಡ್ತಿಗೂ ಬೋನಸ್‌ಗೂ ಇದನ್ನು ಬಳಸುವುದಿಲ್ಲ ಎಂದು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ. ನಕ್ಷೆ ಬಿಡಿಸಲು ಗೆಫಿ ಎಂಬ ಉಚಿತ ತಂತ್ರಾಂಶವಿದೆ. ಆದಷ್ಟು ಎಲ್ಲರೂ ಉತ್ತರಿಸಬೇಕು, ಕಾಲುಭಾಗ ಜನ ತಪ್ಪಿಸಿಕೊಂಡರೂ ನಕ್ಷೆ ಸುಳ್ಳು ಹೇಳುತ್ತದೆ.

ನಕ್ಷೆ ಬರುವ ಮೊದಲು ನೀವೂ ಅಣ್ಣನವರೂ ಬೇರೆಬೇರೆ ಹಾಳೆಯಲ್ಲಿ ನಿಮ್ಮ ಊಹೆ ಬರೆದಿಡಿ. ಕ್ರ್ಯಾಕ್‌ಹಾರ್ಟ್ 1990ರಲ್ಲಿ ತೋರಿಸಿದಂತೆ ಒಂದು ಸಂಸ್ಥೆಯೊಳಗಿನ ಸಂಬಂಧಗಳನ್ನು ಸರಿಯಾಗಿ ಗ್ರಹಿಸಿದವರಿಗೆ ಅಲ್ಲಿ ಹೆಚ್ಚು ಪ್ರಭಾವವಿರುತ್ತದೆ. ಆ ಗ್ರಹಿಕೆ ಕುರ್ಚಿಯ ಎತ್ತರದ ಜೊತೆ ತಾನಾಗಿ ಬರುವುದಿಲ್ಲ. ಇಬ್ಬರ ಊಹೆಯೂ ನಕ್ಷೆಗೆ ಎಷ್ಟು ದೂರ ಎಂದು ನೋಡಿದ ಮೇಲೆ ನಿಮ್ಮಿಬ್ಬರ ನಡುವಿನ ವಾದ ಸ್ವಲ್ಪ ತಣ್ಣಗಾದೀತು.

ಯಾರನ್ನು ಕೇಳುತ್ತೀರಿ ಎಂದರೆ ಎಲ್ಲರೂ ಬೆರಳು ತೋರುವ ಒಬ್ಬಿಬ್ಬರು ಕೆಲಸಗಾರರಿದ್ದರೆ ಅಧ್ಯಾಪಕರು ನಕ್ಷೆ ತೋರಿಸದಿದ್ದರೂ ನಿಮ್ಮ ಕಿವಿಗೆ ಬಿದ್ದೇ ಬೀಳುತ್ತದೆ. ಅವರನ್ನು ಸೂಪರ್‌ವೈಸರ್ ಮಾಡೋಣ ಎಂದು ಅಣ್ಣನವರು ಹೊರಡಬಹುದು, ತಡೆಯಿರಿ. ಚೀಟಿ ಬರೆಯುವ ಅಧಿಕಾರ ಬಂದ ಮರುದಿನದಿಂದ ಅವರ ಬಳಿ ಯಾರೂ ಅನುಮಾನ ಹೇಳಿಕೊಂಡು ಬರುವುದಿಲ್ಲ. ಎಲ್ಲರ ಸಂಬಳ ಪರಿಷ್ಕರಿಸುವಾಗ ಕೌಶಲದ ಹೆಸರಿನಲ್ಲಿ ಅವರಿಗೂ ನ್ಯಾಯವಾದದ್ದನ್ನು ಕೊಡಿ, ದಿನದ ಗುರಿಯಲ್ಲಿ ಒಂದು ತಾಸಿನ ಕೆಲಸ ಕಡಿಮೆ ಮಾಡಿ, ಹುದ್ದೆಯನ್ನು ಮಾತ್ರ ಮುಟ್ಟಬೇಡಿ.